ಅಕ್ಕ ಹೇಳಿದ ಕಂತು

ನಮ್ಮೂರಿಗೆ ವಾರಪತ್ರಿಕೆ ಬರುತ್ತಿದ್ದದ್ದು ಮೇಷ್ಟ್ರ ಮನೆಗೊಂದಕ್ಕೇ. ತಿಪಟೂರಿನಿಂದ ನೊಣವಿನಕೆರೆ ಮೇಲೆ ತುರುವೇಕೆರೆಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರು ಅದನ್ನು ಸುರುಳಿ ಸುತ್ತಿ ನಮ್ಮ ಸ್ಟಾಪಿನ ಟೀ ಅಂಗಡಿಗೆ ಎಸೆದು ಹೋಗುತ್ತಿದ್ದ. ಮೇಷ್ಟ್ರು ಓದಿ, ಅವರ ಹೆಂಡತಿ ಓದಿ, ಬಂದುಹೋಗುವ ನೆಂಟರೆಲ್ಲ ಓದಿ ಮುಗಿಸಿದ ಮೇಲೆ ಅದು ನಮ್ಮಕ್ಕನ ಕೈಗೆ ಬರುತ್ತಿತ್ತು. ಅಷ್ಟರಲ್ಲಿ ಮುಖಪುಟ ಕಿತ್ತುಹೋಗಿ, ಮೂಲೆಗಳಿಗೆ ಎಣ್ಣೆಯ ಕಲೆ ಹತ್ತಿರುತ್ತಿತ್ತು. ಅಕ್ಕ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಕೊನೆಯ ಎರಡು ಪುಟ ಮಾತ್ರ.

ಆ ಪುಟಗಳಲ್ಲಿ ಒಂದು ಚಿತ್ರಕಥೆ ಬರುತ್ತಿತ್ತು. ಚೌಕ ಚೌಕವಾಗಿ ಚಿತ್ರಗಳು, ಜನರ ಬಾಯಿಯ ಪಕ್ಕದಲ್ಲಿ ಗುಳ್ಳೆಯೊಳಗೆ ಬರೆದ ಮಾತು. ಮಕ್ಕಳ ಕತೆಯಲ್ಲ, ಗಂಡಹೆಂಡಿರ ಕತೆ. ಹಿರಿಯರು ನೋಡಿ ಒಪ್ಪಿ ಮಾಡಿದ ಮದುವೆ. ಗಂಡ ಬಯಲಿನ ನಡುವೆ ಒಂಟಿಯಾಗಿರುವ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನ ಮಾಸ್ಟರು. ಹೆಂಡತಿ ಅವನ ಮುಖವನ್ನು ಸರಿಯಾಗಿ ನೋಡಿದ್ದು ತಾಳಿ ಕಟ್ಟಿದ ಮೇಲೆ. ಅವನಿಗೆ ಅವಳ ಹತ್ತಿರ ಆಡಲು ಮಾತೇ ಬರುವುದಿಲ್ಲ. ಬಾವುಟ ಹಿಡಿಯುತ್ತಾನೆ, ದೀಪ ಹಚ್ಚುತ್ತಾನೆ, ಊಟ ಮಾಡುತ್ತಾನೆ, ಮಲಗುತ್ತಾನೆ. ಅವಳು ಅಡುಗೆಮನೆಯ ಕಿಟಕಿಯಿಂದ ಅವನನ್ನು ನೋಡುತ್ತ ನಿಂತಿರುತ್ತಾಳೆ. ವಾರವಾರವೂ ಹೆಚ್ಚು ಕಡಿಮೆ ಇಷ್ಟೇ. ಆದರೂ ಅಕ್ಕ ಮುಂದಿನ ಕಂತಿಗಾಗಿ ಒದ್ದಾಡುತ್ತಿದ್ದಳು. ಬಂದ ಪುಟಗಳನ್ನು ನಾಜೂಕಾಗಿ ಕತ್ತರಿಸಿ, ದಬ್ಬಳಕ್ಕೆ ಗೋಣಿದಾರ ಪೋಣಿಸಿ, ಹಿಂದಿನ ಪುಟಗಳ ಜೊತೆ ಸೇರಿಸಿ ಹೊಲಿಯುತ್ತಿದ್ದಳು.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ನಾನು ಇನ್ನೂ ಮಿಡ್ಲ್ ಸ್ಕೂಲು. ಸಂಜೆ ಹೊತ್ತು ಅವ್ವ ಜಗಲಿಯಲ್ಲಿ ತೆಂಗಿನ ಗರಿ ರಾಶಿ ಹಾಕಿಕೊಂಡು ಪೊರಕೆಗೆ ಕಡ್ಡಿ ಸೀಳುತ್ತಿದ್ದಳು. ನಾನೂ ಒಂದು ಕುಡುಗೋಲು ಹಿಡಿದು ಕೂರುತ್ತಿದ್ದೆ. ಅಕ್ಕ ಮಾತ್ರ ಕಂಬಕ್ಕೆ ಒರಗಿ ಕತೆ ಓದುತ್ತಿದ್ದಳು. ಓದುವುದೆಂದರೆ ಬರೀ ಗುಳ್ಳೆಯೊಳಗಿನ ಮಾತಲ್ಲ. ಚೌಕದಲ್ಲಿ ಏನೇನಿದೆ, ಅವಳ ಸೀರೆ ಎಂಥದು, ಅವನ ಟೋಪಿ ಎಲ್ಲಿ ನೇತುಹಾಕಿದೆ, ಎಲ್ಲವನ್ನೂ ಹೇಳುತ್ತಿದ್ದಳು.

"ಅವನೇನು ಮೂಗನೇನೇ? ಒಂದ್ ಮಾತಾದ್ರೂ ಆಡಬಾರದಾ?" ಎಂದು ಅವ್ವ ರೇಗುತ್ತಿದ್ದಳು.

"ಮೂಗ ಅಲ್ಲ ಕಣವ್ವ. ಸಂಕೋಚ."

"ಕಟ್ಕಂಡ ಹೆಂಡ್ತಿ ತಾವ ಎಂಥ ಸಂಕೋಚ! ನಿಮ್ಮಪ್ಪನೂ ಹಿಂಗೇ ಇದ್ದಿದ್ರೆ ನಾನು ಯಾವತ್ತೋ ತವರಿಗೆ ಹೊಂಟೋಗಿರ್ತಿದ್ದೆ."

ಅಕ್ಕ ನಗುತ್ತಿದ್ದಳು. ಅವಳು ನಕ್ಕರೆ ಪುಸ್ತಕದಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಮುಂದಿನ ಒಂದು ಹಲ್ಲು ಸ್ವಲ್ಪ ಓರೆಯಿತ್ತೆಂದು.

ಆ ಕತೆಯಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದಂತೆ ಉಳಿದದ್ದು ಅವನು ಮೊದಲ ಸಲ ಮಾತಾಡುವ ಕಂತು. ಕೊನೆಯ ರೈಲು ಬರುವುದು ತಡವಾಗಿದೆ. ಅವನು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಒಬ್ಬನೇ ಕೂತಿದ್ದಾನೆ. ಅವಳು ಊಟವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಲಾಟೀನು ಹಿಡಿದು ಬರುತ್ತಾಳೆ. ಊಟ ಇಟ್ಟು ಹೊರಡಬೇಕು ಅನ್ನುವಷ್ಟರಲ್ಲಿ ಅವನು ಬೆಂಚಿನ ಒಂದು ಮಗ್ಗುಲಿಗೆ ಸರಿದು ಜಾಗ ಮಾಡುತ್ತಾನೆ. "ಕೂತ್ಕೋ. ನೀನು ಉಂಡ್ಯಾ?" ಅನ್ನುತ್ತಾನೆ. ಅಷ್ಟೇ. ಅಕ್ಕ ಅದನ್ನು ಹೇಳಿದಾಗ ಅವ್ವ ಕಡ್ಡಿ ಸೀಳುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡದ್ದು ನನಗೆ ನೆನಪಿದೆ.

ಮರುವರ್ಷವೇ ಅಕ್ಕನಿಗೆ ಗಂಡು ಗೊತ್ತಾಯಿತು. ದಂಡಿನಶಿವರದ ಕಡೆಯವರು. ಒಳ್ಳೆ ತೆಂಗಿನ ತೋಟ, ಒಬ್ಬನೇ ಮಗ, ಮನೆಯಲ್ಲಿ ತಾಯಿ ಬಿಟ್ಟರೆ ಇನ್ನಾರೂ ಇಲ್ಲ. ಹೆಣ್ಣು ನೋಡಲು ಬಂದ ದಿನ ಹುಡುಗ ಚಾಪೆಯ ಅಂಚನ್ನು ನೋಡುತ್ತ ಕೂತವನು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಎದ್ದು ಹೋಗುವವರೆಗೂ ತುಟಿ ಬಿಚ್ಚಲಿಲ್ಲ. ಅವರು ಹೋದ ಮೇಲೆ ಅವ್ವನಿಗೆ ಅದೇ ಚಿಂತೆ. "ಹುಡುಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ," ಎಂದು ಅಪ್ಪನ ಹತ್ತಿರ ಒಂದೇ ಸಮ ಹೇಳುತ್ತಿದ್ದಳು. ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ, "ಸ್ಟೇಷನ್ ಮಾಸ್ಟ್ರು ಕಣೇ," ಅಂದಳು. ಅವಳ ಮುಖ ಅರಳಿತ್ತು. ನನಗೆ ಆಗಲೇ ಗೊತ್ತಾಯಿತು, ಅವಳು ಒಪ್ಪಿದ್ದಾಳೆ ಎಂದು.

ಮನೆಯ ಮುಂದೆ ಗರಿ ಚಪ್ಪರ ಹಾಕಿ ಮದುವೆ ಮಾಡಿದರು. ಅಕ್ಕ ಹೊರಟಾಗ ತನ್ನ ಟ್ರಂಕಿನ ತಳದಲ್ಲಿ ಆ ಹೊಲಿದ ಪುಟಗಳನ್ನೂ ಇಟ್ಟುಕೊಂಡಳು. ನಾನು ಕೊಡು ಎಂದು ಅತ್ತರೂ ಕೊಡಲಿಲ್ಲ.

ಗೌರಿ ಹಬ್ಬಕ್ಕೆ ಬಂದಾಗ ನಾನು ಮೊದಲು ಕೇಳಿದ್ದು, "ಭಾವ ಮಾತಾಡಿಸ್ತಾರೇನೇ?" ಎಂದು. ಅಕ್ಕ ನನ್ನ ತಲೆಗೆ ಮೊಟಕಿ, "ಹೋಗೇ ಅತ್ಲಾಗೆ, ದೊಡ್ಡೋಳಂಗೆ ಕೇಳ್ತಾಳೆ," ಅಂದಳು. ಮೈಕೈ ತುಂಬಿಕೊಂಡಿದ್ದಳು. ನಗುವಾಗ ಬಾಯಿ ಮುಚ್ಚಿಕೊಳ್ಳುವುದನ್ನು ಬಿಟ್ಟಿದ್ದಳು. ಅದು ಯಾಕೆಂದು ನಾನು ಯೋಚಿಸಲಿಲ್ಲ.

ಮದುವೆಯಾಗಿ ಎರಡು ವರ್ಷದ ಮೇಲೆ ಚೊಚ್ಚಲ ಬಾಣಂತನಕ್ಕೆ ಅಕ್ಕ ನಮ್ಮ ಮನೆಗೇ ಬಂದಳು. ಹೆಣ್ಣು ಮಗು ಹುಟ್ಟಿತು. ಹೆರಿಗೆಯೇನೋ ಸುಸೂತ್ರವಾಗಿ ಆಯಿತು. ಆಮೇಲೆ ಜ್ವರ ಬಂತು. ಮೊದಲು ಬಿಸಿಲಿನ ತಾಪ ಅಂದರು, ಹಾಲು ಕಟ್ಟಿಕೊಂಡದ್ದಕ್ಕೆ ಅಂದರು. ಜ್ವರ ತಲೆಗೇರಿ ಅವಳು ಏನೇನೋ ಬಡಬಡಿಸಲು ಶುರುಮಾಡಿದಾಗ ಅಪ್ಪ ಕೊಬ್ಬರಿ ತುಂಬಲು ಬಂದಿದ್ದ ಲಾರಿಯಲ್ಲೇ ಅವಳನ್ನು ತಿಪಟೂರಿಗೆ ಕರೆದುಕೊಂಡು ಹೋದರು. ಅವ್ವ ಜೊತೆಗೆ ಹೋದಳು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಲಾರಿ ಹತ್ತಿಸುವಾಗ ಅಕ್ಕ ಕಣ್ಣು ಬಿಟ್ಟಿದ್ದಳು. ಆದರೆ ಅವಳು ನನ್ನನ್ನೂ ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ತಿರುಗಿ ಬಂದದ್ದು ಅವಳ ಹೆಣ.

ಮಗು ನಮ್ಮಲ್ಲೇ ಉಳಿಯಿತು. ಹಸುವಿನ ಹಾಲಿಗೆ ನೀರು ಬೆರೆಸಿ, ಕಾಯಿಸಿ, ಬೆಳ್ಳಿಯ ಒಳಲೆಯಲ್ಲಿ ನಾನೇ ಕುಡಿಸುತ್ತಿದ್ದೆ. ಅವ್ವನಿಗೆ ಮಗುವಿನ ಮುಖ ಕಂಡರೆ ಅಳು ಉಕ್ಕಿ ಬರುತ್ತಿದ್ದುದರಿಂದ ಅದು ನನ್ನ ಮಡಿಲಿಗೇ ಅಂಟಿಕೊಂಡಿತು. ನಾನು ಪಿಯುಸಿಗೆಂದು ತಿಪಟೂರಿನ ಬಸ್ಸು ಹತ್ತಿದರೆ ಸಂಜೆಯವರೆಗೂ ಹಟ ಮಾಡುತ್ತಿತ್ತಂತೆ. ಭಾವ ಕೊಬ್ಬರಿ ಮಾರಲು ತಿಪಟೂರಿಗೆ ಬಂದಾಗೆಲ್ಲ ವಾಪಸು ಹೋಗುತ್ತ ನಮ್ಮೂರಲ್ಲಿ ಇಳಿಯುತ್ತಿದ್ದರು. ಜಗಲಿಯಲ್ಲಿ ಕೂತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವರು. ಮುಂದಿನ ಬಸ್ಸು ಬಂತು ಅಂದರೆ ಎದ್ದು ನನ್ನ ಕೈಗೆ ಕೊಟ್ಟು ಹೊರಡುವರು. ಮಾತಿಲ್ಲ, ಕತೆಯಿಲ್ಲ. ಗಡ್ಡ ಬೆಳೆದು, ಅಂಗಿ ಜೋಲಿ, ಅವರನ್ನು ನೋಡಿದರೆ ಭಯವಾಗುತ್ತಿತ್ತು.

ವರ್ಷ ತುಂಬಿದ ಮೇಲೆ ಅವರ ತಾಯಿ ಬಂದರು. ನಡುಮನೆಯಲ್ಲಿ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಮಾರನೆಯ ದಿನ ಅಪ್ಪ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಉದುರಿದ ಕಾಯಿಗಳನ್ನು ಒಂದೊಂದಾಗಿ ಕುಕ್ಕೆಗೆ ಹಾಕುತ್ತ, ನನ್ನ ಮುಖ ನೋಡದೆ ಹೇಳಿದರು.

"ಅವರು ನಿನ್ನೇ ಕೇಳ್ತಾವ್ರೆ ಕಣವ್ವ. ಬೇರೆ ಹೆಣ್ಣು ತಂದ್ರೆ ಮಗೀನ ಹೆಂಗೆ ನೋಡ್ಕಂತಾಳೋ ಅಂತ ಅವರಿಗೂ ಭಯ."

ನಾನೂ ಬಗ್ಗಿ ಒಂದು ಕಾಯಿ ಎತ್ತಿ ಕುಕ್ಕೆಗೆ ಹಾಕಿದೆ.

"ನೀನು ಬ್ಯಾಡ ಅಂದ್ರೆ ಬ್ಯಾಡ. ನಾನೇನು ಬಲವಂತ ಮಾಡಾಕಿಲ್ಲ. ಆದ್ರೆ ಮಗೀನ ಅವರು ಕರ್ಕಂಡೋಗ್ತಾರೆ. ಅವರ ಮನೆ ಕೂಸು, ಇಟ್ಕಳ್ಳಾಕೆ ಆಗ್ತದಾ?"

ನನಗೆ ಟೀಚರಾಗುವ ಆಸೆಯಿತ್ತು. ಟಿ.ಸಿ.ಎಚ್. ಮಾಡಬೇಕೆಂದು ಅಪ್ಪನಿಗೂ ಹೇಳಿದ್ದೆ. ಅವತ್ತು ಅದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಮಗೂನ ಬಿಟ್ಟಿರಕ್ಕಾಗಲ್ಲ," ಎಂದಷ್ಟೇ ಅಂದೆ. ಅಪ್ಪ ಕುಕ್ಕೆಯನ್ನು ಅಲ್ಲೇ ಬಿಟ್ಟು ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದರು.

ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದರು. ಚಪ್ಪರವಿಲ್ಲ, ವಾಲಗವಿಲ್ಲ. ತೀರಿಕೊಂಡ ಮೊದಲ ಹೆಂಡತಿಯ ಹೆಸರಿನಲ್ಲಿ ಎರಡನೆಯವಳು ಕೊರಳಿಗೆ ಒಂದು ಸಣ್ಣ ಬೊಟ್ಟು ಕಟ್ಟಿಕೊಳ್ಳಬೇಕು. ಸವತಿ ಬೊಟ್ಟು ಅನ್ನುತ್ತಾರೆ. ಅಕ್ಕಸಾಲಿಯಿಂದ ಅದನ್ನು ಮಾಡಿಸಿ ತಂದವಳು ಅವ್ವನೇ. ನನ್ನ ತಾಳಿಯ ದಾರಕ್ಕೆ ಅದನ್ನು ಪೋಣಿಸಿದವಳೂ ಅವ್ವನೇ. ಪೋಣಿಸುವಾಗ ನನ್ನ ಅತ್ತೆಯಾಗುವವರು ಬಂದು ದಾರದ ಇನ್ನೊಂದು ತುದಿ ಹಿಡಿದುಕೊಂಡರು. ಒಡಹುಟ್ಟಿದವಳನ್ನು ಸವತಿ ಎಂದು ಕೊರಳಿಗೆ ಕಟ್ಟಿಕೊಂಡು ನಾನು ಅವಳ ಮನೆಗೆ ಹೋದೆ.

ಆ ಮನೆಯಲ್ಲಿ ನನಗೆ ಯಾರೂ ಕಷ್ಟ ಕೊಡಲಿಲ್ಲ. ಅತ್ತೆ ಒಳ್ಳೆಯವರು. ಆದರೆ ಗಂಡನಾದವರನ್ನು ಏನೆಂದು ಕರೆಯಬೇಕು ಎಂಬುದೇ ನನಗೆ ತಿಳಿಯದೆ ಹೋಯಿತು. ಇಷ್ಟು ದಿನ ಭಾವ ಅನ್ನುತ್ತಿದ್ದೆ. ಇನ್ನು ಹಾಗೆನ್ನುವಂತಿಲ್ಲ. ಬೇರೆ ಹೆಂಡತಿಯರ ಹಾಗೆ "ಏನೂಂದ್ರೆ" ಅನ್ನಲು ನಾಲಿಗೆ ಹೊರಳದು. ಅವರ ಕಷ್ಟವೂ ಅದೇ. ಏನಾದರೂ ಬೇಕಾದರೆ ಮಗುವಿನ ಕಡೆ ನೋಡಿ, "ನೀರು ಕೊಡಕ್ಕೆ ಹೇಳು," ಅನ್ನುತ್ತಿದ್ದರು. ನಾನೂ ಮಗುವಿಗೇ, "ಊಟಕ್ಕೆ ಏಳಕ್ಕೆ ಹೇಳು," ಅನ್ನುತ್ತಿದ್ದೆ. ಮಗುವಿಗೆ ಇನ್ನೂ ಮಾತು ಬಂದಿರಲಿಲ್ಲ. ನಮ್ಮಿಬ್ಬರ ನಡುವೆ ಅದು ಮಲಗುತ್ತಿತ್ತು. ದಿನಗಳು ಹೀಗೆ ಹೋದವು.

ಒಂದು ಮಧ್ಯಾಹ್ನ ಅತ್ತೆ ನೆಂಟರ ಮನೆಗೆ ಹೋಗಿದ್ದರು. ಅವರೂ ಕೊಬ್ಬರಿ ಮಾರಲು ತಿಪಟೂರಿಗೆ ಹೋಗಿದ್ದರು. ಮಗುವಿಗೆ ನೆಗಡಿಯಾಗಿತ್ತು. ಹುಟ್ಟುವ ಮೊದಲೇ ಅಕ್ಕ ಅದಕ್ಕೊಂದು ಉಲ್ಲನ್ ಕುಲಾವಿ ಹೆಣೆದಿದ್ದಳು ಎಂದು ಅವ್ವ ಹೇಳಿದ್ದು ನೆನಪಾಗಿ, ಅಲ್ಲಿಯವರೆಗೆ ನಾನು ಮುಟ್ಟದಿದ್ದ ಅವಳ ಟ್ರಂಕನ್ನು ತೆಗೆದೆ. ಕುಲಾವಿ ಸಿಗಲಿಲ್ಲ. ಸೀರೆಗಳ ಅಡಿಯಲ್ಲಿ ಆ ಹೊಲಿದ ಪುಟಗಳು ಸಿಕ್ಕವು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತು ಓದತೊಡಗಿದೆ. ಮೇಲೆ ಅಟ್ಟದಲ್ಲಿ ಕೊಬ್ಬರಿಗೆಂದು ಒಣಹಾಕಿದ್ದ ಕಾಯಿಗಳ ನಡುವೆ ಇಲಿ ಓಡಾಡುತ್ತಿತ್ತು. ಬೇರೆ ಸದ್ದಿರಲಿಲ್ಲ.

ಚಿಕ್ಕವಳಾಗಿದ್ದಾಗ ನಾನು ಆ ಕತೆಯಲ್ಲಿ ಗಂಡನನ್ನೇ ನೋಡುತ್ತಿದ್ದೆ, ಅವನು ಯಾವಾಗ ಮಾತಾಡುತ್ತಾನೆ ಎಂದು. ಈಗ ಆ ಹೆಂಡತಿ ಕಂಡಳು. ಚೌಕಗಳ ಮೂಲೆಯಲ್ಲಿ, ಪಾತ್ರೆ ತೊಳೆಯುತ್ತ, ಸೀರೆ ಮಡಚುತ್ತ, ಯಾರೂ ಕೇಳದ ಮನೆಯಲ್ಲಿ ಒಬ್ಬಳೇ ನಿಂತ ಹುಡುಗಿ. ಎಷ್ಟೋ ಚಿತ್ರಗಳಲ್ಲಿ ಅವಳ ಬೆನ್ನು ಮಾತ್ರ ಬರೆದಿದ್ದರು. ಅದು ಆಗ ನನ್ನ ಗಮನಕ್ಕೇ ಬಂದಿರಲಿಲ್ಲ.

ಬೆಂಚಿನ ಕಂತಿಗಾಗಿ ಕಾತರದಿಂದ ಪುಟ ತಿರುವಿದೆ. ಅದು ಇರಲಿಲ್ಲ. ಒಂದು ಪುಟದಲ್ಲಿ ಗಂಡ ಎಂದಿನಂತೆ ಗೋಡೆಯ ಕಡೆ ತಿರುಗಿ ಮಲಗಿದ್ದ. ಮುಂದಿನ ಪುಟದಲ್ಲಿ ಇಬ್ಬರೂ ಹಳಿಯ ಪಕ್ಕದಲ್ಲಿ ನಗುತ್ತ ನಡೆಯುತ್ತಿದ್ದರು. ಹರಿದುಹೋಗಿದೆಯೇ ಎಂದು ಹೊಲಿಗೆ ನೋಡಿದೆ. ಹರಿದ ಗುರುತಿರಲಿಲ್ಲ. ಆಗ ನೆನಪಾಯಿತು, ಆ ಸಂಜೆ ಅಕ್ಕನ ಕೈಯಲ್ಲಿ ಪತ್ರಿಕೆ ಇರಲಿಲ್ಲ. "ಮೇಷ್ಟ್ರ ಹೆಂಡ್ತಿ ತವರಿಗೆ ತಗಂಡು ಹೋದ್ರು, ನಾನು ಅಲ್ಲೇ ಓದ್ಕಂಡು ಬಂದೆ," ಎಂದು ಬಾಯಲ್ಲೇ ಹೇಳಿದ್ದಳು. ಮುಂದಿನ ಕಂತಿನ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಿಂದಿನ ವಾರದ ಕತೆಯನ್ನು ಎರಡು ಸಾಲಿನಲ್ಲಿ ಕೊಟ್ಟಿದ್ದರು. ಊರಿನಿಂದ ಬಂದ ಸೋದರಮಾವ ಬುದ್ಧಿ ಹೇಳಿದ ಮೇಲೆ ಗಂಡನ ಮನಸ್ಸು ಬದಲಾಯಿತು ಎಂದಿತ್ತು. ಬೆಂಚೂ ಇಲ್ಲ, ಲಾಟೀನೂ ಇಲ್ಲ. ಅಕ್ಕ ಆ ಕಂತನ್ನು ಓದಿಯೇ ಇರಲಿಲ್ಲ. ನಾವು ಕಾಯುತ್ತಿದ್ದೇವೆಂದು ದಾರಿಯಲ್ಲಿ ಬರುತ್ತ ತಾನೇ ಕಟ್ಟಿದ್ದಳು.

ಅಳುತ್ತಿದ್ದೆನೋ ಏನೋ, ಅವರು ಒಳಗೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು. ತೆರೆದ ಟ್ರಂಕು ನೋಡಿದರು, ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಇದು ಇನ್ನೂ ಐತಾ?" ಅಂದರು. ಮಗುವಿಗಲ್ಲ, ನನಗೆ.

"ಟ್ರಂಕಲ್ಲಿತ್ತು."

ಚೀಲ ಇಳಿಸಿ ಹೊಸ್ತಿಲ ಮೇಲೆ ಕೂತರು. "ಎಲ್ಲಾನೂ ಓದಿ ಹೇಳಿದ್ಲು ನಂಗೆ. ನಾನೇ ಓದ್ಕತೀನಿ ಕೊಡು ಅಂದ್ರೆ ಕೊಡ್ತಿರಲಿಲ್ಲ. ಅವಳು ಓದಬೇಕು, ನಾನು ಕೇಳಬೇಕು."

"ಮಧ್ಯ ಒಂದು ಕಂತು ಇಲ್ಲ," ಅಂದೆ.

"ಅದು ಕಳ್ದೋಗಿತ್ತಂತೆ. ಬಾಯಲ್ಲೇ ಹೇಳಿದ್ಲು."

"ಅವನು ಬೆಂಚಿನ ಮೇಲೆ ಜಾಗ ಬಿಟ್ಟು, ಉಂಡ್ಯಾ ಅಂತ ಕೇಳ್ತಾನಲ್ಲ, ಅದಾ?"

ಅವರು ಹುಬ್ಬು ಗಂಟಿಕ್ಕಿದರು. "ಯಾವ ಬೆಂಚು? ಅವನೆಲ್ಲಿ ಕೇಳ್ತಾನೆ. ಅವಳೇ ಮಾತಾಡ್ಸೋದು. ಅವನು ಸುಮ್ನೆ ಕೂತಿರ್ತಾನೆ. ಇವಳು ಹೋಗಿ ಅವನ ಹಸಿರು ಬಾವುಟ ತಗಂಡು ಅವನ ಮುಂದೆ ನಿಂತ್ಕಂಡು ಆಡಿಸ್ತಾಳೆ. ಲೈನ್ ಕ್ಲಿಯರ್ ಆಗೈತೆ, ಇನ್ನು ಮಾತು ಬುಡಿ ಅಂತಾಳೆ."

ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ನಾನು ಅವರು ನಕ್ಕದ್ದನ್ನು ಅದುವರೆಗೆ ನೋಡಿರಲಿಲ್ಲ.

"ಅದಾದ್ಮೇಲೆ ನಾನು ಸುಮ್ನೆ ಕೂತಾಗೆಲ್ಲ ಸೆರಗು ಹಿಡ್ಕಂಡು ಆಡಿಸೋಳು. ಅವ್ವ ಎದುರಿಗಿದ್ರೂ ಬುಡ್ತಿರಲಿಲ್ಲ. ಅವ್ವ, ಯಾಕಮ್ಮ ಸೆಖೆನಾ, ಅಂತ ಕೇಳೋರು. ನಂಗೆ ನಗು ತಡ್ಯಕ್ಕೇ ಆಗ್ತಿರಲಿಲ್ಲ."

ಹಾಗೆನ್ನುತ್ತಲೇ ಅವರು ಮೊಣಕಾಲ ಮೇಲೆ ತಲೆಯಿಟ್ಟು ಅತ್ತರು. ಅಕ್ಕ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಮಗು ಎದ್ದು ಅವರ ಬೆನ್ನು ಹಿಡಿದು ನಿಂತುಕೊಂಡು, ಏನೂ ತಿಳಿಯದೆ ನನ್ನ ಮುಖ ನೋಡಿತು.

ಅವತ್ತು ನನಗಾದದ್ದನ್ನು ಸರಿಯಾಗಿ ಹೇಳಲು ಈಗಲೂ ಬರುವುದಿಲ್ಲ. ಮದುವೆಗೆ ಮುಂಚೆ ಅಕ್ಕ ಕಟ್ಟಿದ ಕಂತಿನಲ್ಲಿ ಗಂಡ ತಾನಾಗಿಯೇ ಮಾತಾಡಿಸಿದ್ದ. ಮದುವೆಯಾದ ಮೇಲೆ, ತನ್ನ ಗಂಡ ಎಂಥವನೆಂದು ತಿಳಿದ ಮೇಲೆ, ಅದನ್ನೇ ತಿರುಗಿಸಿ ಕಟ್ಟಿದ್ದಳು. ಅವನು ಮಾತಾಡಲಿ ಎಂದು ಕಾಯದೆ ತಾನೇ ಹೋಗಿ ಬಾವುಟ ಹಿಡಿದಿದ್ದಳು. ಅವಳು ಸುಖವಾಗಿದ್ದಳು. ಇದೇ ನಡುಮನೆಯಲ್ಲಿ ನಕ್ಕು ನಗಿಸಿಕೊಂಡು ಬಾಳಿದ್ದಳು. ಅದನ್ನು ಕೇಳಿ ನನಗೆ ಎದೆ ತುಂಬಿ ಬಂತು. ಅದರ ಹಿಂದೆಯೇ ಇನ್ನೊಂದೂ ಅರ್ಥವಾಯಿತು. ಈ ಮನುಷ್ಯನಿಗೆ ಆಗಬೇಕಾದದ್ದೆಲ್ಲ ಅಕ್ಕನ ಜೊತೆ ಆಗಿಹೋಗಿದೆ. ನನಗೆ ಬರುವ ವೇಳೆಗೆ ಅದು ಮುಗಿದಿತ್ತು. ಸೆರಗು ನನಗೂ ಇತ್ತು. ಆಡಿಸಲು ನನ್ನ ಕೈ ಏಳಲಿಲ್ಲ. ಅದು ಅವಳದ್ದು.

ನಾನು ಎದ್ದು ಕಾಫಿ ಮಾಡಿ ಕೊಟ್ಟೆ. "ಕುಡೀರಿ," ಅಂದೆ, ಮಗುವಿಗಲ್ಲ, ಅವರಿಗೇ. ಅವರು ಕುಡಿದರು.

ಅಂದಿನಿಂದ ನಮ್ಮಲ್ಲಿ ಮಾತು ಶುರುವಾಯಿತು. ಆಡುತ್ತಿದ್ದದ್ದು ಹೆಚ್ಚಾಗಿ ಅಕ್ಕನ ವಿಷಯ. ಅವರು ಗಂಡನ ಮನೆಯ ಅಕ್ಕನನ್ನು ಹೇಳುವರು, ನಾನು ತವರಿನ ಅಕ್ಕನನ್ನು ಹೇಳುವೆ. ಅವಳು ಮರ ಹತ್ತಲು ಹೋಗಿ ಅಪ್ಪನ ಕೈಲಿ ಬೈಸಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ಅವಳು ಅತ್ತೆಯನ್ನು ಕಾಡಿಸಿ ರೇಡಿಯೋ ತರಿಸಿಕೊಂಡದ್ದು ನನಗೆ ಗೊತ್ತಿರಲಿಲ್ಲ. ಊರಿನವರು ನಮ್ಮನ್ನು ನೋಡಿ, ಗಂಡಹೆಂಡಿರು ಎಷ್ಟು ಹೊಂದ್ಕಂಡವ್ರೆ ಅನ್ನುತ್ತಿದ್ದರು. ಹೊಂದಿಕೊಂಡಿದ್ದೆವು, ಸುಳ್ಳಲ್ಲ.

ಆಮೇಲೆ ನಾನೂ ಬಸುರಿಯಾದೆ. ಬಾಣಂತನಕ್ಕೆ ತವರಿಗೆ ಹೋದರೆ ಅದೇ ಕೋಣೆ, ಅದೇ ಮಂಚ. ಅವ್ವ ಹಗಲೂ ರಾತ್ರಿ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಮಗ ಹುಟ್ಟಿದ ಮಾರನೆಯ ದಿನದಿಂದ ಅವರು ತೋಟದ ಕೆಲಸ ಬಿಟ್ಟು ದಿನಾ ಬಸ್ಸಿಗೆ ಬರತೊಡಗಿದರು. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ. ಜಗಲಿಯ ಮೇಲೆ ಕೂತು, ಕೋಣೆಯಿಂದ ಯಾರು ಹೊರಗೆ ಬಂದರೂ, "ಮೈ ಬಿಸಿ ಐತಾ?" ಎಂದು ಕೇಳುತ್ತಿದ್ದರಂತೆ. ಇಲ್ಲ ಅಂದ ಮೇಲೆಯೇ ಸಂಜೆ ಬಸ್ಸಿಗೆ ಹೊರಡುವರು. ನನಗೆ ಜ್ವರ ಬರಲಿಲ್ಲ. ನಾನು ಬಾಗಿಲ ಸಂದಿಯಿಂದ ಅವರ ಬೆನ್ನು ನೋಡುತ್ತ ಮಲಗಿರುತ್ತಿದ್ದೆ. ನನಗಾಗಿ ಇಷ್ಟು ಹೆದರುತ್ತಾರಲ್ಲ ಎಂದು ಒಂದು ಗಳಿಗೆ ಸಮಾಧಾನವಾಗುತ್ತಿತ್ತು. ಆದರೆ ಆ ಹೆದರಿಕೆಯಲ್ಲಿ ನನ್ನ ಪಾಲೆಷ್ಟು, ಅಕ್ಕನ ಪಾಲೆಷ್ಟು ಎಂದು ನಾನು ಕೇಳಿಕೊಳ್ಳಲು ಹೋಗಲಿಲ್ಲ.

ನಮ್ಮ ಕಡೆ ಮಾರ್ಲಮಿ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ತಂದು ಮುಂದಿಟ್ಟು ಪೂಜೆ ಮಾಡುವುದು ಪದ್ಧತಿ. ಅಕ್ಕನಿಗೆ ಸೀರೆ ತರುವ ಕೆಲಸ ನನ್ನದು. ಅದಕ್ಕೆಂದೇ ತಿಪಟೂರಿಗೆ ಹೋಗುತ್ತಿದ್ದೆವು. ಅಂಗಡಿಯವನು ಗಂಟು ಬಿಚ್ಚಿ ಹಾಕಿದರೆ ಅವರು ಗೋಡೆಗೆ ಒರಗಿ ನಿಂತು ದೂರದಿಂದಲೇ ನೋಡುವರು. ನಾನು ಒಂದೊಂದೇ ಎತ್ತಿ ತೋರಿಸಿದರೆ ತಲೆಯಾಡಿಸುವರು. ಅವಳಿಗೆ ಗಿಳಿಹಸಿರು, ಅರಿಶಿನ, ಕಡು ಬಣ್ಣಗಳು ಒಪ್ಪುತ್ತಿದ್ದವು. ನನ್ನ ಮೈಬಣ್ಣಕ್ಕೆ ಅವು ಹೊಂದುವುದಿಲ್ಲ. ಪೂಜೆಯಾದ ಮೇಲೆ ಆ ಸೀರೆಯನ್ನು ಮನೆಯ ಹೆಣ್ಣುಮಗಳು ಉಡಬೇಕು, ಮಡಿಸಿಡುವಂತಿಲ್ಲ. ಮಗಳು ಇನ್ನೂ ಚಿಕ್ಕವಳು. ಅತ್ತೆ ಉಡುವುದು ಬಿಳಿ ಸೀರೆ. ಹಾಗಾಗಿ ವರ್ಷಾ ವರ್ಷಾ ನಾನೇ ಉಟ್ಟೆ. ಹೀಗೆ ಹತ್ತು ವರ್ಷ ಮುಗಿಯುವ ಹೊತ್ತಿಗೆ ನಾನು ಹಬ್ಬಕ್ಕೆ, ಮದುವೆಮನೆಗೆ ಉಟ್ಟುಕೊಂಡು ಹೋಗುತ್ತಿದ್ದ ಒಳ್ಳೆ ಸೀರೆಗಳೆಲ್ಲ ಅಕ್ಕನಿಗೆಂದು ತಂದವೇ ಆಗಿದ್ದವು.